ವಿಷಯ: ‘ಸರ್ಪಸುತ್ತು’ ಬಿಟ್ಟು ಬೇರೆ ಪದವಿದೆಯೇ? (ತುರ್ತು)

ನಮಸ್ಕಾರ. ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಗೋಡೆಗೆ ನರದ ಮತ್ತು ಚರ್ಮದ ಕಾಯಿಲೆಗಳ ಗುರುತು ಹೇಳುವ ಭಿತ್ತಿಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ತೊನ್ನು, ಕಜ್ಜಿ, ಹುಳುಕಡ್ಡಿ, ಅರೆತಲೆನೋವು ಇವುಗಳ ತಕರಾರಿಲ್ಲ. ಮೈಮೇಲೆ ಪಟ್ಟಿಯಾಗಿ ನೀರುಗುಳ್ಳೆ ಏಳುವ ಹರ್ಪಿಸ್ ಜೋಸ್ಟರ್‌ಗೆ ನಾನು ಬರೆದ ‘ಸರ್ಪಸುತ್ತು’ವನ್ನು ವೈದ್ಯರು ಹೊಡೆದುಹಾಕಿದ್ದಾರೆ. ಆ ಹೆಸರು ಕೇಳಿದರೆ ಜನ ನಾಗದೋಷಕ್ಕೆ ಪರಿಹಾರ ಹುಡುಕುತ್ತಾರೆ, ಮಂತ್ರ ಹಾಕಿಸುತ್ತಾರೆ, ಗುಳ್ಳೆಸಾಲು ಮೈಸುತ್ತಿ ಹಾವಿನಂತೆ ತಲೆಬಾಲ ಕೂಡಿದರೆ ಸಾವು ಎಂದು ಹೆದರುತ್ತಾರೆ. ಮಾತ್ರೆ ಶುರುವಾಗಬೇಕಾದ 72 ಗಂಟೆ ಅಷ್ಟರಲ್ಲಿ ಕಳೆದಿರುತ್ತದೆ ಎನ್ನುವುದು ಅವರ ವಾದ. ಜೊತೆಗೆ, ಮುಖದ ನರ ಸೋತು ಮುಖದ ಒಂದು ಪಕ್ಕ ವಾಲುವ ಬೆಲ್ಸ್ ಪಾಲ್ಸಿಗೆ ‘ಮುಖದ ಲಕ್ವ’ ನಡೆಯುತ್ತದೆಯೇ?

ಮರುಓಲೆ 1
‘ಸರ್ಪಸುತ್ತು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ದೋಷ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟನೇ ಹೊರತು ಗುಳ್ಳೆಗಳಿಗಲ್ಲ. ಆಯುರ್ವೇದದಲ್ಲಿ ‘ವಿಸರ್ಪ’ ಇದೆ, ಬಳಸಿ. ‘ಲಕ್ವ’ ಅರಬ್ಬಿ, ‘ಮುಖದ ಪಾರ್ಶ್ವವಾಯು’ ಎನ್ನಿ.

ಮರುಓಲೆ 2
‘ಚಳಿಜ್ವರ’ ಯಾವ ಸಮಾಸ, ಸ್ವಾಮಿ? ‘ಮೆದುಳುಜ್ವರ’ವನ್ನು ಊರೂರ ಗೋಡೆಯ ಮೇಲೆ ಓದಿದ್ದೇವೆ, ಯಾರಿಗೂ ಕೇಶಿರಾಜ ನೆನಪಾಗಲಿಲ್ಲ. ‘ವಿಸರ್ಪ’ವೂ ಸಲ್ಲದು. ಹರಡುವ ಬೇರೆ ಚರ್ಮದ ಬೇನೆಗಳಿಗೂ ಅದೇ ಹೆಸರು; ಗುರುತಿಸಲು ಹೊರಟವರಿಗೆ ಅದರಿಂದ ಏನು ಗುರುತು ಸಿಗುತ್ತದೆ?

ಮರುಓಲೆ 3
ಸಂಸ್ಕೃತದ ಜಗಳವನ್ನು ನೀವಿಬ್ಬರೇ ಆಡಿಕೊಳ್ಳಿ. ‘ಸುತ್ತುಗುಳ್ಳೆ’. ಅಚ್ಚಗನ್ನಡ. ಹಾವೂ ಇಲ್ಲ, ದೋಷವೂ ಇಲ್ಲ.

ಮರುಓಲೆ 4
ಹಾವನ್ನು ಹೊರಗಟ್ಟಿದೆವೆಂದು ಹಿಗ್ಗಬೇಡಿ. ವೈದ್ಯರು ಒಪ್ಪುವ ‘ಹರ್ಪಿಸ್’ನಲ್ಲೇ ಅದು ಕುಳಿತಿದೆ. ಗ್ರೀಕಿನ ‘ಹೆರ್ಪೈನ್’ ಎಂದರೆ ತೆವಳುವುದು. ಲ್ಯಾಟಿನ್ನಿನ ‘ಸೆರ್ಪೆರೆ’, ಸಂಸ್ಕೃತದ ‘ಸೃಪ್’ ಅದರ ದಾಯಾದಿಗಳು. ಗ್ರೀಕಿನಲ್ಲಿ ಪದದ ಮೊದಲ ಸಕಾರ ಹಕಾರವಾಗುತ್ತದೆ, ನಮ್ಮ ‘ಸಪ್ತ’ಕ್ಕೆ ಅಲ್ಲಿ ‘ಹೆಪ್ತ’ ಇರುವ ಹಾಗೆ. ‘ಜೋಸ್ಟರ್’ ಎಂದರೆ ನಡುಪಟ್ಟಿ. ತೆವಳುವುದೂ ಆಯಿತು, ಸುತ್ತುವುದೂ ಆಯಿತು. ನಮ್ಮ ಹಳ್ಳಿಯವರು ಹೇಳಿದ್ದು ಇನ್ನೇನು?

ಎಡವಟ್ಟಿರುವುದು ‘ಸುತ್ತು’ವಿನಲ್ಲಿ. ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ವರ್ಷಗಟ್ಟಲೆ ಅಡಗಿದ್ದು, ಮತ್ತೆ ಎದ್ದಾಗ ಆ ನರದ ಹಾದಿಯಲ್ಲೇ ಚರ್ಮಕ್ಕೆ ಬರುತ್ತದೆ. ಆದ್ದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಏಳುತ್ತವೆ, ನಡುಗೆರೆಯ ಬಳಿ ನಿಂತುಬಿಡುತ್ತವೆ. ಸುತ್ತೇ ಪೂರ್ತಿಯಾಗದಿದ್ದ ಮೇಲೆ ತಲೆಬಾಲ ಕೂಡುವುದೆಲ್ಲಿ? ಭಯ ಹುಟ್ಟಿಸುವ ತುಂಡನ್ನೇ ಉಳಿಸಿಕೊಂಡು ಪಾಪದ ಹಾವನ್ನು ಓಡಿಸಿದ ಪದ ನಿಮ್ಮ ‘ಸುತ್ತುಗುಳ್ಳೆ’.

ಮರುಓಲೆ 3ರವರಿಂದ
ಗ್ರೀಕಿನಲ್ಲಿ ಹಾವಿದೆಯೆಂದು ಕನ್ನಡದಲ್ಲೂ ಸಾಕಬೇಕೇ? ಸಾಲ ತಂದವನಿಗೆ ಯಾವಾಗಲೂ ಸಾಲಿಗನ ವಂಶಾವಳಿಯ ಮೇಲೆಯೇ ಪ್ರೀತಿ.

ಮರುಓಲೆ 2ರವರಿಂದ
ಸಾಲದ ಮಾತು ಬಂದದ್ದರಿಂದ ‘ಲಕ್ವ’ಕ್ಕೆ ಬರುತ್ತೇನೆ. ಅರಬ್ಬಿಯ ‘ಲಕ್ವಾ’ ಮುಖ ಸೊಟ್ಟಗಾಗುವುದಕ್ಕೇ ಇರುವ ಹೆಸರು. ಮೂಲಾರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ. ಪಾರ್ಶ್ವವಾಯುವನ್ನು ಕನ್ನಡವೆಂದು ಮಾರುವವರು ಅರಬ್ಬಿಯನ್ನು ಗದರುವುದು ತಮಾಷೆ. ಆದರೂ ಗೋಡೆಗೆ ಬೇಡ. ಇಂದು ಕೈಕಾಲು ಬಿದ್ದರೂ ಲಕ್ವವೇ, ಬಾಯಿ ವಾಲಿದರೂ ಲಕ್ವವೇ. ಬೆಲ್ಸ್ ಪಾಲ್ಸಿಯಲ್ಲಿ ಆ ಪಕ್ಕದ ಹಣೆಯೂ ನೆರಿಗೆಗಟ್ಟುವುದಿಲ್ಲ, ಕಣ್ಣು ಮುಚ್ಚುವುದು ಕಷ್ಟ. ಮೆದುಳಿನ ಆಘಾತದಲ್ಲಿ (ಸ್ಟ್ರೋಕ್) ಹಣೆ ಸಾಮಾನ್ಯವಾಗಿ ಆಡುತ್ತದೆ. ಇವೆರಡನ್ನು ಒಂದೇ ಪದದಲ್ಲಿ ಕಟ್ಟಿದರೆ ಆಘಾತವಾದವನನ್ನೂ ಮನೆಯಲ್ಲೇ ಕೂರಿಸಿ ಎಣ್ಣೆ ತಿಕ್ಕುತ್ತಾರೆ.

ಮರುಓಲೆ 1ರವರಿಂದ
ಪಾರ್ಶ್ವವಾಯು ತತ್ಸಮ, ಸಾಲವಲ್ಲ. ಈ ಭೇದ ಗೊತ್ತಿಲ್ಲದವರೊಡನೆ ಮಾತು ಬೇಡ.

ಕೇಳಿದವರಿಂದ
ಎಲ್ಲರಿಗೂ ವಂದನೆ. ವೈದ್ಯರನ್ನು ಒಪ್ಪಿಸಿ ಹೀಗೆ ಬರೆದಿದ್ದೇನೆ: ‘ಸರ್ಪಸುತ್ತು: ಮೈಯ ಒಂದೇ ಪಕ್ಕದಲ್ಲಿ ಮೊದಲು ಉರಿ, ಕೆಲವು ದಿನಗಳಲ್ಲಿ ನೀರುಗುಳ್ಳೆಗಳ ಪಟ್ಟಿ. ಇದು ವೈರಸ್ಸಿನ ಕಾಯಿಲೆ, ನಾಗದೋಷವಲ್ಲ. ಗುಳ್ಳೆ ಕಂಡ ದಿನವೇ ಬನ್ನಿ. ಕಣ್ಣಿನ ಹತ್ತಿರ ಎದ್ದರೆ ಕಾಯಲೇಬೇಡಿ.’ ಜನ ಹುಡುಕುವುದು ಆ ಹೆಸರನ್ನೇ. ಅದಿಲ್ಲದಿದ್ದರೆ ಕೆಳಗಿನ ಸಾಲನ್ನು ಓದುವವರಾರು? ಲಕ್ವವನ್ನು ಕೈಬಿಟ್ಟು ‘ಮುಖನರದ ಸೋಲು’ ಎಂದು ಹಾಕಿದ್ದೇನೆ.

ಮರುಓಲೆ 4ರವರಿಂದ
‘ಮುಖನರದ ಸೋಲು’ ಚುನಾವಣೆಯ ಸುದ್ದಿಯಂತಿದೆ. ‘ಮುಖ ಸೊಟ್ಟಗಾಗುವುದು’ ಎಂದು ತಿದ್ದಿ. ಕಿವಿಯ ಬಳಿ ಗುಳ್ಳೆಯೆದ್ದು ಮುಖವೂ ಸೊಟ್ಟಗಾದರೆ ಅದು ಬೆಲ್ಸ್ ಪಾಲ್ಸಿಯಲ್ಲ, ಸರ್ಪಸುತ್ತುವಿನದೇ ಕೆಲಸವಿರಬಹುದು. ಜಾಗವಿದ್ದರೆ ಅದನ್ನೂ ಸೇರಿಸಿ.