ಬಯಲಾಟದ ನೇರಪ್ರಸಾರ: ಊರೂರು ತಿರುಗುವವರಿಗೆ ಯಾವ ಡೇಟಾ ಪ್ಲಾನ್, ಯಾವ ಹಾಟ್‌ಸ್ಪಾಟ್?

ಪ್ರಶ್ನೆ: ಬಯಲಾಟಪ್ರಿಯ

ಮಾನ್ಯರೇ,

ನಾವು ಮೂವರು ಸ್ನೇಹಿತರು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಯಕ್ಷಗಾನದ ಹರಕೆ ಬಯಲಾಟಗಳನ್ನು ಮೇಳದವರ ಹಾಗೂ ಸೇವಾಕರ್ತರ ಒಪ್ಪಿಗೆ ಪಡೆದು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತೇವೆ. ಇದುವರೆಗೆ ನಮ್ಮೂರಿನ ಆಸುಪಾಸಿನ ಆಟಗಳಿಗಷ್ಟೇ ಹೋಗುತ್ತಿದ್ದೆವು. ಬರುವ ತಿರುಗಾಟದಲ್ಲಿ, ಅಂದರೆ ನವೆಂಬರಿನಿಂದ ತಿರುಗಾಟ ಮುಗಿಯುವ ಮೇ ತಿಂಗಳ ಪತ್ತನಾಜೆಯವರೆಗೆ, ವ್ಯಾನಿನಲ್ಲೇ ಸಲಕರಣೆಗಳನ್ನಿಟ್ಟುಕೊಂಡು ಒಂದೇ ಮೇಳದ ಜೊತೆಗೆ ಸುತ್ತಬೇಕೆಂಬ ಯೋಚನೆಯಿದೆ. ಇಂದು ಕಾರ್ಕಳದ ಗದ್ದೆ, ನಾಳೆ ಹೆಬ್ರಿಯ ಶಾಲೆಯ ಮೈದಾನ, ನಾಡಿದ್ದು ಬೆಳ್ತಂಗಡಿಯ ಒಳಹಳ್ಳಿಯ ಮನೆಯಂಗಳ ಎಂಬಂತೆ ಜಾಗ ದಿನವೂ ಬದಲಾಗುತ್ತದೆ.

ನಮ್ಮಲ್ಲಿ ಒಂದು ಕ್ಯಾಮರಾ ಮತ್ತು ನೇರಪ್ರಸಾರದ ತಂತ್ರಾಂಶ ಒಬಿಎಸ್ ಹಾಕಿದ ಲ್ಯಾಪ್‌ಟಾಪ್ ಇವೆ; ಧ್ವನಿಯನ್ನು ಮೈಕಿನವರ ಮಿಕ್ಸರಿನಿಂದ ನೇರವಾಗಿ ತೆಗೆದುಕೊಳ್ಳುತ್ತೇವೆ. 720ಪಿ ಚಿತ್ರವನ್ನು ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಫೋನಿನ ಹಾಟ್‌ಸ್ಪಾಟ್ ಮೂಲಕ ಕಳುಹಿಸುತ್ತೇವೆ. ಸಂಜೆ ಪರೀಕ್ಷಿಸಿದಾಗ ಚೆನ್ನಾಗಿರುವ ವೇಗ ಜನ ಸೇರುತ್ತಿದ್ದಂತೆ ಕುಸಿಯುತ್ತದೆ. ಬಣ್ಣದ ವೇಷ ರಂಗಸ್ಥಳಕ್ಕೆ ಬರುವ ಹೊತ್ತಿಗೆ ಚಿತ್ರ ನಿಂತಿರುತ್ತದೆ. ದುಬೈ, ಮುಂಬಯಿಗಳಲ್ಲಿರುವ ಊರವರೂ ಮನೆಯಿಂದ ಹೊರಡಲಾಗದ ಹಿರಿಯರೂ ಈ ಪ್ರಸಾರವನ್ನೇ ಕಾದು ಕುಳಿತಿರುತ್ತಾರಾದ್ದರಿಂದ ಇದನ್ನು ಸರಿಪಡಿಸಲೇಬೇಕಾಗಿದೆ.

ಯಾವ ಕಂಪನಿಯ ಯಾವ ಬಗೆಯ ಪ್ಲಾನ್ ಹಾಕಿಸಿಕೊಳ್ಳಬೇಕು, ಫೋನಿನ ಬದಲು ಪ್ರತ್ಯೇಕ ಹಾಟ್‌ಸ್ಪಾಟ್ ಅಥವಾ ರೂಟರ್ ಕೊಳ್ಳುವುದರಿಂದ ಪ್ರಯೋಜನವಿದೆಯೇ, ಎರಡು ಸಿಮ್‌ಗಳ ವೇಗವನ್ನು ಒಟ್ಟುಗೂಡಿಸಲು ಸಾಧ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಟವರಿನ ಕೆಲಸದವ

ನಮಸ್ಕಾರ. ಪ್ಲಾನಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ನಿಮಗೆ ಬೇಕಾಗಿರುವುದು ಅಪ್‌ಲೋಡ್. ಆದರೆ ಜಾಹೀರಾತುಗಳಲ್ಲಿ, ಪೆಟ್ಟಿಗೆಯ ಮೇಲೆ, ಫೋನಿನ ಸಿಗ್ನಲ್ ಕಡ್ಡಿಗಳಲ್ಲಿ ಕಾಣುವುದೆಲ್ಲ ಬಹುಮಟ್ಟಿಗೆ ಡೌನ್‌ಲೋಡಿನ ಕಡೆಯ ಮಾತು. ಟವರಿನ ಪ್ರಸಾರದ ಬಲ ಹತ್ತಾರು ವ್ಯಾಟ್ ಇದ್ದರೆ ಫೋನಿನದು ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್. ಟವರಿನ ಮಾತು ಫೋನಿಗೆ ಸ್ಪಷ್ಟವಾಗಿ ಕೇಳಿಸುತ್ತಿರುವಾಗಲೂ ಫೋನಿನ ಮಾತು ಟವರಿಗೆ ಕ್ಷೀಣವಾಗಿಯೇ ತಲುಪುತ್ತಿರಬಹುದು. ಕಡ್ಡಿ ತುಂಬಿದ್ದರೂ ಪ್ರಸಾರ ನಿಲ್ಲುವುದಕ್ಕೆ ಇದೊಂದು ಕಾರಣ.

ಎರಡನೆಯ ಕಾರಣ ಬ್ಯಾಂಡ್, ಅಂದರೆ ಫೋನು ಮತ್ತು ಟವರ್ ಮಾತಾಡಿಕೊಳ್ಳುವ ತರಂಗಾಂತರದ ಪಟ್ಟಿ. 2300 ಮೆಗಾಹರ್ಟ್ಸ್‌ನ ಬ್ಯಾಂಡ್ 40ರಲ್ಲಿ ಒಂದೇ ತರಂಗವನ್ನು ಬರುವ ಮತ್ತು ಹೋಗುವ ದತ್ತಾಂಶಕ್ಕೆ ಸಮಯ ಹಂಚಿ ಕೊಡಲಾಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಡೌನ್‌ಲೋಡಿಗೇ ಹೋಗುತ್ತದೆ. ಬ್ಯಾಂಡ್ 3, 5, 8, 28 ಇವುಗಳಲ್ಲಿ ಅಪ್‌ಲೋಡಿಗೆ ಪ್ರತ್ಯೇಕ ತರಂಗವೇ ಇರುತ್ತದೆ. ಅಲ್ಲದೆ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ಮತ್ತು 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ತೋಟ, ಗುಡ್ಡಗಳ ಎಡೆಯಿಂದಲೂ ದೂರ ಹೋಗುತ್ತವೆ. ಫೋನು ಡೌನ್‌ಲೋಡಿನ ಅನುಕೂಲ ನೋಡಿ ಬ್ಯಾಂಡ್ 40ಕ್ಕೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸುವುದು ಕಷ್ಟ. ರೂಟರ್ ಕೊಳ್ಳಲು ನನ್ನ ದೃಷ್ಟಿಯಲ್ಲಿ ಇರುವ ಮುಖ್ಯ ಕಾರಣ ಇದು: ಹಲವು ರೂಟರ್‌ಗಳ ಸೆಟ್ಟಿಂಗ್ ಪುಟದಲ್ಲಿ ಬ್ಯಾಂಡನ್ನು ನಾವೇ ಆರಿಸಬಹುದು.

ರೂಟರನ್ನು ಕೊಳ್ಳುವಾಗ 4ಜಿ ಉಪಕರಣಗಳ ವೇಗದ ದರ್ಜೆಯಾದ ಕ್ಯಾಟಗರಿಯಲ್ಲಿ 4ರ ಬದಲು ಕ್ಯಾಟಗರಿ 6ಕ್ಕೆ ಹೆಚ್ಚು ಹಣ ಕೊಡಬೇಡಿ. ಡೌನ್‌ಲೋಡ್ 150ರಿಂದ 300 ಎಂಬಿಪಿಎಸ್‌ಗೆ ಏರುತ್ತದೆಯೇ ಹೊರತು ಅಪ್‌ಲೋಡಿನ ಗರಿಷ್ಠ ಮಿತಿ ಎರಡರಲ್ಲೂ 50 ಎಂಬಿಪಿಎಸ್. ನೋಡಬೇಕಾದುದು ಬ್ಯಾಂಡ್‌ಗಳ ಪಟ್ಟಿಯನ್ನು. ಯುರೋಪಿನ ಮಾರುಕಟ್ಟೆಗೆಂದು ತಯಾರಾದ ಕೆಲವು ಉಪಕರಣಗಳಲ್ಲಿ ನಮ್ಮಲ್ಲಿ ಬಳಕೆಯಿಲ್ಲದ ಬ್ಯಾಂಡ್ 20 ಇರುತ್ತದೆ, ನಮಗೆ ಬೇಕಾದ 5 ಅಥವಾ 28 ಇರುವುದಿಲ್ಲ. ಜಿಯೊಫೈ ಹಾಟ್‌ಸ್ಪಾಟ್ ಅಗ್ಗವೇನೋ ಹೌದು, ಆದರೆ ಜಿಯೊ ಸಿಮ್‌ಗೆ ಮಾತ್ರ ಸೀಮಿತ. ದಿನಕ್ಕೊಂದು ಊರಿಗೆ ಹೋಗುವವರಿಗೆ ಯಾವ ಸಿಮ್ ಹಾಕಿದರೂ ನಡೆಯುವ ಉಪಕರಣವೇ ಬೇಕು.

ಈಗ ಪ್ಲಾನ್. ಚಿತ್ರ, ಧ್ವನಿ ಸೇರಿ ಸೆಕೆಂಡಿಗೆ ಸುಮಾರು 3.1 ಮೆಗಾಬಿಟ್ ಹೋದರೆ ಗಂಟೆಗೆ 1.4 ಜಿಬಿ, ಆರು ಗಂಟೆಯ ಕಾಲಮಿತಿ ಆಟಕ್ಕೆ 8 ಜಿಬಿಗಿಂತ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ದಿನಕ್ಕೆ 2 ಜಿಬಿಯ ಪ್ಲಾನ್ ಒಂದೂವರೆ ಗಂಟೆಯೊಳಗೆ ಮುಗಿದು, ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಪ್ರಸಾರದ ಮಾತೇ ಇಲ್ಲ. ಅಪರಿಮಿತ 5ಜಿ ಕೊಡುಗೆ ಜಿಯೊ, ಏರ್‌ಟೆಲ್‌ಗಳಲ್ಲಿ 2024ರ ಜುಲೈ ದರ ಏರಿಕೆಯ ಬಳಿಕ ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಹೆಚ್ಚಿನ ಪ್ಲಾನುಗಳೊಂದಿಗೆ ಬರುತ್ತಿದೆ. ಆದರೆ ಅದು 5ಜಿ ಸಿಗ್ನಲ್ ಇರುವಷ್ಟು ಹೊತ್ತು ಮಾತ್ರ. ಆ ಸಿಮ್ಮನ್ನು 4ಜಿ ಹಾಟ್‌ಸ್ಪಾಟಿಗೆ ಹಾಕಿದರೆ ದಿನದ ಮಿತಿಯಿಂದಲೇ ಕಡಿತವಾಗುತ್ತದೆ. ಆದ್ದರಿಂದ 5ಜಿ ಸಿಗುವ ಪೇಟೆ, ಹೆದ್ದಾರಿ ಬದಿಯ ಆಟಗಳಿಗೆ 5ಜಿ ಫೋನನ್ನೇ ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ; ಒಳಹಳ್ಳಿಗೆ ರೂಟರ್ ಮತ್ತು ದಿನದ ಮಿತಿಯಿಲ್ಲದ, 30 ದಿನಗಳಿಗೆ ಒಟ್ಟಾಗಿ ಡೇಟಾ ಕೊಡುವ ಪ್ಯಾಕ್ ಇಟ್ಟುಕೊಳ್ಳಿ. ನಿಮ್ಮ ಚಾನೆಲಿಗೆ ಜಾಹೀರಾತಿನ ಆದಾಯವಿದ್ದರೆ ಅಪರಿಮಿತ ಕೊಡುಗೆಯ ನಿಯಮಾವಳಿಯನ್ನು ಪೂರ್ತಿ ಓದಿಯೇ ಬಳಸಬೇಕು.

ವರ್ಷದ ಪ್ಲಾನನ್ನು ಈಗಲೇ ಹಾಕಿಸಬೇಡಿ. ಮೇಳದ ಕ್ಯಾಂಪುಗಳ ಪಟ್ಟಿ ಮೊದಲೇ ಸಿಗುತ್ತದೆಯಲ್ಲವೇ? ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸುವ ವ್ಯಾಪ್ತಿ ನಕ್ಷೆಯೊಂದಿಗೆ ಆ ಪಟ್ಟಿಯನ್ನು ಹೋಲಿಸಿ ತಿಂಗಳ ಲೆಕ್ಕದಲ್ಲಿ ತೀರ್ಮಾನಿಸಿ.

ಉತ್ತರ: ತೋಟದಮನೆ

ನಾವು ಸುಳ್ಯದ ಕಡೆಯವರು. ನಮ್ಮಲ್ಲಿ ಸೇವೆಯಾಟ ನಡೆಯುತ್ತದೆ. ಆಟ ಮಾಡಿಸುವ ಮನೆಯವಳಾಗಿ ಒಂದು ಮಾತು: ಸಿಮ್, ರೂಟರ್ ಎಲ್ಲ ಇರಲಿ, ಮೊದಲು ಸೇವಾಕರ್ತರಿಗೆ ಫೋನ್ ಮಾಡಿ ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆಯೇ ಎಂದು ಕೇಳಿ. ರೇಂಜ್ ಸಿಗದ ಎಷ್ಟೋ ಒಳಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಫೈಬರ್ ಕಂಬದಿಂದ ಕಂಬಕ್ಕೆ ಬಂದಿದೆ, ಮನೆಯಿಂದ ಕೆಲಸ ಮಾಡುವ ಮಕ್ಕಳಿಗಾಗಿ ಹಾಕಿಸಿಕೊಂಡವರೂ ಬಹಳ. ಅಂಗಳದಲ್ಲೋ ಮನೆ ಎದುರಿನ ಗದ್ದೆಯಲ್ಲೋ ರಂಗಸ್ಥಳವಿದ್ದರೆ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು. ಚೌಕಿಯ (ವೇಷ ಕಟ್ಟುವ ಜಾಗದ) ಹಿಂದಿನಿಂದ, ಜನ ತುಳಿಯದ ಬದಿಯಲ್ಲಿ ಎಳೆಯಿರಿ. ದಾರಿ ಅಡ್ಡ ಬಂದಲ್ಲಿ ಮೇಲಕ್ಕೆ ಕಟ್ಟಿ. ಆ ರಾತ್ರಿಯ ಮಟ್ಟಿಗೆ ಮನೆಯ ಉಳಿದವರು ವೈಫೈ ಬಳಸಬೇಡಿರೆಂದು ಕೇಳಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ.

ಫೈಬರ್ ಇಲ್ಲದಲ್ಲಿ ಎತ್ತರವೇ ಉಪಾಯ. ನಮ್ಮಲ್ಲಿಗೆ ಬಂದಿದ್ದ ತಂಡವೊಂದು ಚಿಕ್ಕ ರೂಟರನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಉದ್ದದ ಬಿದಿರಿನ ಗಳುವಿನ ತುದಿಗೆ ಕಟ್ಟಿ, ಅದರ ಜೊತೆಗೇ ವಿದ್ಯುತ್ತಿನ ತಂತಿಯನ್ನೂ ಲ್ಯಾನ್ ಕೇಬಲನ್ನೂ ಇಳಿಬಿಟ್ಟಿತ್ತು. ನೆಲದಲ್ಲಿ ಸಿಗದ ಸಿಗ್ನಲ್ ಅಡಿಕೆ ಮರಗಳ ತಲೆಯ ಮಟ್ಟಕ್ಕೆ ಹೋದಾಗ ಸಿಕ್ಕಿತು. ದಯವಿಟ್ಟು ಅಡಿಕೆ ಕೊಯ್ಯುವ ಅಲ್ಯುಮಿನಿಯಂ ದೋಟಿ ಅಥವಾ ಏಣಿಯನ್ನು ಇದಕ್ಕೆ ಬಳಸಬೇಡಿ. ಕಾರ್ಬನ್ ಫೈಬರ್ ದೋಟಿಯೂ ಬೇಡ, ಅದರಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ತಾಗಿ ಜೀವ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಕಂಡೊಡನೆ ಗಳುವನ್ನು ಇಳಿಸಬೇಕು; ಆಟದ ಮಧ್ಯವೇ ಆದರೂ ಸರಿ.

ಉತ್ತರ: ನೇರನೋಟ

ಎರಡು ಸಿಮ್‌ಗಳ ಪ್ರಶ್ನೆಗೆ ಉತ್ತರಿಸುತ್ತೇನೆ. ಅಂಗಡಿಯಲ್ಲಿ ‘ಎರಡು ಸಿಮ್ ರೂಟರ್’ ಎಂದು ಮಾರುವವುಗಳಲ್ಲಿ ಬಹುತೇಕ ಒಂದು ಸಂಪರ್ಕ ಕಡಿದಾಗ ಇನ್ನೊಂದಕ್ಕೆ ಹೊರಳುವಂಥವು. ಹಾಗೆ ಹೊರಳುವಾಗ ಯೂಟ್ಯೂಬಿನ ಜೊತೆಗಿನ ಸಂಪರ್ಕ ಒಮ್ಮೆ ಕಡಿದು ಮತ್ತೆ ಜೋಡಿಕೊಳ್ಳಬೇಕಾಗುತ್ತದೆ. ಇನ್ನು ಕೆಲವು ರೂಟರ್‌ಗಳು ಕೆಲಸವನ್ನು ಎರಡೂ ಸಿಮ್‌ಗಳಿಗೆ ಹಂಚುತ್ತವೆ, ಆದರೆ ಹಂಚುವುದು ಬೇರೆ ಬೇರೆ ಸಂಪರ್ಕಗಳನ್ನು. ನಿಮ್ಮ ಪ್ರಸಾರ ಒಂದೇ ಹರಿವಾದ್ದರಿಂದ ಅದು ಒಂದೇ ಸಿಮ್‌ನಲ್ಲಿ ಹೋಗುತ್ತದೆ, ಇನ್ನೊಂದು ಸುಮ್ಮನೆ ಕುಳಿತಿರುತ್ತದೆ. ಒಂದೇ ಹರಿವನ್ನು ಒಡೆದು ಎರಡರಲ್ಲೂ ಕಳುಹಿಸಿ ಆಚೆಯ ಸರ್ವರಿನಲ್ಲಿ ಜೋಡಿಸುವುದಕ್ಕೆ ಬಾಂಡಿಂಗ್ ಎನ್ನುತ್ತಾರೆ. ಸ್ಪೀಡಿಫೈ ಎಂಬ ತಂತ್ರಾಂಶ ಇದನ್ನು ಲ್ಯಾಪ್‌ಟಾಪಿನಲ್ಲೇ ಮಾಡುತ್ತದೆ. ಪೆಪ್‌ಲಿಂಕ್‌ನಂಥ ರೂಟರ್‌ಗಳೂ ಇವೆ, ಆದರೆ ಅವುಗಳ ಬೆಲೆ ಹವ್ಯಾಸಿ ತಂಡಕ್ಕೆ ಭಾರ. ನೀವು ತಂತ್ರಾಂಶದಿಂದಲೇ ಆರಂಭಿಸಿ. ಎರಡು ಸಿಮ್‌ಗಳು ಬೇರೆ ಬೇರೆ ಕಂಪನಿಯವಾಗಿರಬೇಕು. ಒಂದೇ ಟವರಿನ ಒಂದೇ ದಟ್ಟಣೆಯಲ್ಲಿ ಎರಡು ಸಿಮ್ ಸಿಕ್ಕಿಕೊಂಡರೆ ಬಾಂಡಿಂಗ್‌ನಿಂದ ಹೆಚ್ಚು ಲಾಭವಿಲ್ಲ.

ಪ್ರೇಕ್ಷಕರ ನೂರಾರು ಫೋನುಗಳಿರುವ ಮೈದಾನದಲ್ಲಿ ವೈಫೈ ಹಾಟ್‌ಸ್ಪಾಟನ್ನು, ಅದರಲ್ಲೂ 2.4 ಗಿಗಾಹರ್ಟ್ಸ್‌ನದನ್ನು, ನಂಬಬೇಡಿ. ನಿಮ್ಮ ಪ್ರಸಾರ ಟವರಿನಲ್ಲಿ ಸಿಕ್ಕಿಕೊಳ್ಳುವ ಮೊದಲೇ ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನ ಎರಡು ಮೀಟರ್ ಅಂತರದಲ್ಲೇ ಸಿಕ್ಕಿಕೊಂಡಿರಬಹುದು. ತಂತಿ ಬಳಸಿ.

ಒಬಿಎಸ್‌ನಲ್ಲಿ ಜಾಲದ ಒತ್ತಡಕ್ಕೆ ತಕ್ಕಂತೆ ಬಿಟ್‌ರೇಟನ್ನು ತಾನೇ ತಗ್ಗಿಸಿಕೊಳ್ಳುವ ಆಯ್ಕೆಯಿದೆ, ಅದನ್ನು ಹಾಕಿಡಿ. ಇದರ ಜೊತೆಗೆ 480ಪಿ, 1.2 ಮೆಗಾಬಿಟ್‌ನ ಇನ್ನೊಂದು ಪ್ರೊಫೈಲನ್ನು ಸಿದ್ಧವಾಗಿಟ್ಟುಕೊಳ್ಳಿ. ಧ್ವನಿಯನ್ನು ಮಾತ್ರ 128 ಕಿಲೊಬಿಟ್‌ಗಿಂತ ಕೆಳಗಿಳಿಸಬೇಡಿ. ಚಿತ್ರ ಮಸುಕಾದರೂ ಜನ ಆಟ ಬಿಟ್ಟೇಳುವುದಿಲ್ಲ, ಭಾಗವತರ ಪದ್ಯ ತುಂಡಾದರೆ ಏಳುತ್ತಾರೆ. ಈ ಪ್ರೊಫೈಲಿನಲ್ಲಿ ಗಂಟೆಗೆ 0.6 ಜಿಬಿ ಸಾಕಾಗುವುದರಿಂದ ಡೇಟಾ ಚಿಂತೆಯೂ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಪೂರ್ಣ ಗುಣಮಟ್ಟದ ಪ್ರತಿ ಹೇಗೂ ಕ್ಯಾಮರಾದ ಕಾರ್ಡಿನಲ್ಲಿರುತ್ತದೆ, ಮರುದಿನ ಫೈಬರ್ ಇರುವ ಕಡೆಯಿಂದ ಏರಿಸಬಹುದು.

ಬಯಲಾಟಪ್ರಿಯ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಫೈಬರ್ ವಿಚಾರಿಸಬೇಕೆಂಬುದು ನಮಗೆ ಹೊಳೆದಿರಲೇ ಇಲ್ಲ; ಇನ್ನು ಮುಂದೆ ಒಪ್ಪಿಗೆ ಕೇಳುವ ಫೋನಿನಲ್ಲೇ ಅದನ್ನೂ ಕೇಳುತ್ತೇವೆ. ಇನ್ನು ಮೂರು ಸಂದೇಹಗಳಿವೆ. ಕೆಲವು ಆಟಗಳು ಈಗಲೂ ಬೆಳಗಿನವರೆಗೆ ನಡೆಯುತ್ತವೆ, ಅವಕ್ಕೆ ಪ್ಲಾನ್ ಬೇರೆ ಬೇಕೇ? ಕಾಸರಗೋಡಿನ ಕಡೆಗೂ ಕ್ಯಾಂಪುಗಳಿರುವುದರಿಂದ ಕರ್ನಾಟಕದ ಸಿಮ್ ಅಲ್ಲಿ ಹೇಗೆ ನಡೆಯುತ್ತದೆ? ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ತರಿಸೋಣವೆಂದು ನಮ್ಮಲ್ಲೊಬ್ಬರು ಹೇಳುತ್ತಿದ್ದಾರೆ, ಅದರ ಬಗೆಗೂ ತಿಳಿಸಿ.

ಉತ್ತರ: ಟವರಿನ ಕೆಲಸದವ

ಇಡೀ ರಾತ್ರಿಯ ಆಟಕ್ಕೆ ದಿನದ ಮಿತಿಯ ಪ್ಲಾನೇ ಒಂದು ರೀತಿಯಲ್ಲಿ ಅನುಕೂಲ. ಮಿತಿ ಸಾಮಾನ್ಯವಾಗಿ ನಡುರಾತ್ರಿ 12ಕ್ಕೆ ಹೊಸದಾಗುವುದರಿಂದ ಒಂದೇ ಆಟಕ್ಕೆ ಎರಡು ದಿನಗಳ ಡೇಟಾ ಸಿಗುತ್ತದೆ. ದಿನಕ್ಕೆ 3 ಜಿಬಿಯ ಪ್ಲಾನಿನಲ್ಲಿ 480ಪಿ ಪ್ರಸಾರವನ್ನು ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವದವರೆಗೆ ಬಹುಮಟ್ಟಿಗೆ ಸಾಗಿಸಬಹುದು. ವಿ (ವೊಡಾಫೋನ್ ಐಡಿಯಾ) ಕಂಪನಿಯ ಕೆಲವು ಪ್ಲಾನುಗಳಲ್ಲಿ ರಾತ್ರಿ 12ರಿಂದ ಬೆಳಗ್ಗೆ 6ರವರೆಗಿನ ಬಳಕೆ ಮಿತಿಯಿಂದ ಕಡಿತವಾಗುವುದಿಲ್ಲ, ಆ ಜಾಗದಲ್ಲಿ ಅದರ ಸಿಗ್ನಲ್ ಇದ್ದರೆ ಮಾತ್ರ ಉಪಯೋಗ. ನಡುರಾತ್ರಿಯ ಬಳಿಕ ಟವರಿನ ಮೇಲಿನ ಒತ್ತಡವೂ ಇಳಿಯುವುದರಿಂದ ಆ ಹೊತ್ತಿಗೆ 720ಪಿಗೆ ಏರಿಸಲು ಅವಕಾಶವಿರುತ್ತದೆ.

ಕಾಸರಗೋಡು ಕೇರಳ ಟೆಲಿಕಾಂ ವೃತ್ತಕ್ಕೆ ಸೇರಿದೆ. ನಿಮ್ಮ ಸಿಮ್ ರೋಮಿಂಗ್‌ನಲ್ಲಿ ಹೆಚ್ಚಿನ ಶುಲ್ಕವಿಲ್ಲದೆ ನಡೆಯುತ್ತದೆ. ತರಂಗಾಂತರವನ್ನು ಕಂಪನಿಗಳು ವೃತ್ತವಾರು ಕೊಳ್ಳುವುದರಿಂದ ಅಲ್ಲಿ ಬ್ಯಾಂಡ್‌ಗಳು ಬೇರೆಯಿರಬಹುದು. ರೂಟರಿನಲ್ಲಿ ಬ್ಯಾಂಡನ್ನು ಕಟ್ಟಿಹಾಕಿದ್ದರೆ ತಲಪಾಡಿ ದಾಟಿದ ಮೇಲೆ ಬಿಡಿಸಿ ನೋಡಿ.

ಬೂಸ್ಟರ್ ಖಂಡಿತ ಬೇಡ. ಅನುಮತಿಯಿಲ್ಲದೆ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಇಟ್ಟುಕೊಳ್ಳುವುದೂ ಬಳಸುವುದೂ ನಮ್ಮ ದೇಶದಲ್ಲಿ ಕಾನೂನುಬಾಹಿರ, ಅದರಿಂದ ಸುತ್ತಲಿನವರ ಸಂಪರ್ಕವೂ ಕೆಡುತ್ತದೆ. ರೂಟರಿಗೆ ಹೊರಗಿನ ಆಂಟೆನಾ ಜೋಡಿಸುವುದು ಬೇರೆ ವಿಷಯ, ಅದಕ್ಕೆ ಅಡ್ಡಿಯಿಲ್ಲ. ಆಂಟೆನಾ ತಂತಿ ಉದ್ದವಾದಷ್ಟೂ ಸಿಗ್ನಲ್ ಸೋರಿಹೋಗುವುದರಿಂದ ತೋಟದಮನೆಯವರು ಹೇಳಿದ ಹಾಗೆ ರೂಟರನ್ನೇ ಮೇಲಕ್ಕೇರಿಸುವುದು ಹೆಚ್ಚು ಸೂಕ್ತ. ಏರಿಸಿದ ಬಳಿಕ ಸೆಟ್ಟಿಂಗ್ ಪುಟದಲ್ಲಿ ಸಿಗ್ನಲಿನ ಬಲ ತಿಳಿಸುವ ಆರ್‌ಎಸ್‌ಆರ್‌ಪಿ ಅಂಕಿಯನ್ನು ನೋಡಿ: ಮೈನಸ್ 100 ಡಿಬಿಎಂಗಿಂತ ಮೇಲಿದ್ದರೆ (ಉದಾಹರಣೆಗೆ ಮೈನಸ್ 90) ನೆಮ್ಮದಿಯಿಂದ ಕೆಲಸ ಮಾಡಬಹುದು, ಮೈನಸ್ 115ರ ಆಸುಪಾಸಿನಲ್ಲಿದ್ದರೆ ಆ ಸಿಮ್ ತೆಗೆದು ಇನ್ನೊಂದನ್ನು ಹಾಕಿ. ಪರೀಕ್ಷೆಯನ್ನು ಸಂಜೆ ಐದಕ್ಕೆ ಮುಗಿಸದೆ, ಚೌಕಿಪೂಜೆಯ ಹೊತ್ತಿಗೆ ಜನ ಸೇರಿದ ಮೇಲೆ ಮತ್ತೊಮ್ಮೆ ಅಪ್‌ಲೋಡ್ ಅಳೆಯಿರಿ. ಆಗ ಸಿಗುವ ವೇಗದ ಅರ್ಧದಷ್ಟನ್ನು ಬಿಟ್‌ರೇಟಾಗಿ ಇಟ್ಟುಕೊಂಡು ಪ್ರಸಾರ ಆರಂಭಿಸಿ.