ಎಂಎಂ 540 ಜೀಪಿನ ಹಿಂಭಾಗ ಕೂತಿದೆ, ಬಲಕ್ಕೆ ವಾಲುತ್ತಿದೆ. ಶಾಕ್ ಅಬ್ಸಾರ್ಬರ್ ಬದಲಿಸಬೇಕಾ, ಪ್ಲೇಟಾ?

ಕಾಫಿತೋಟ540

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮ ತೋಟ. ಮನೆಯಲ್ಲಿ ಅಪ್ಪನ ಕಾಲದ ಮಹೀಂದ್ರ ಎಂಎಂ 540 ಇದೆ. ಫೋರ್ ವೀಲ್ ಡ್ರೈವ್, ಪ್ಯೂಜೋ ಡೀಸೆಲ್ ಎಂಜಿನ್. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಏನೂ ದೂರಿಲ್ಲ. ತೊಂದರೆ ಇರುವುದು ಹಿಂದಿನ ಪ್ಲೇಟಿನಲ್ಲಿ, ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಬಾಗಿದ ಸ್ಪ್ರಿಂಗ್ ಪಟ್ಟಿಗಳಲ್ಲಿ.

ಖಾಲಿ ನಿಂತಾಗಲೇ ಹಿಂದೆ ಕೂತ ಹಾಗೆ ಕಾಣುತ್ತದೆ. ಬಲಗಡೆ ಇನ್ನೂ ಜಾಸ್ತಿ. ಐದಾರು ಚೀಲ ಗೊಬ್ಬರ ಹಾಕಿದರೆ ಸಾಕು, ತೋಟದ ರಸ್ತೆಯಲ್ಲಿ ಗುಂಡಿಗೆ ಇಳಿದಾಗ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಹೋಗಿ ಚಾಸಿಯ (ಗಾಡಿಯ ತಳದ ಚೌಕಟ್ಟಿನ) ರಬ್ಬರ್ ಸ್ಟಾಪರಿಗೆ ಧಡ್ ಅಂತ ಬಡಿಯುತ್ತದೆ. ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಮರದ ತುದಿ ತೋರಿಸುತ್ತದೆ. ಎದುರಿಗೆ ಬರುವವರು ಬೈದುಕೊಂಡೇ ಹೋಗುತ್ತಾರೆ.

ಒಬ್ಬರು ಶಾಕ್ ಅಬ್ಸಾರ್ಬರ್ ಬದಲಿಸಿ, ಸರಿಹೋಗುತ್ತದೆ ಅಂದರು. ಇನ್ನೊಬ್ಬರು ಲಾರಿಯ ಪ್ಲೇಟ್ ಎರಡು ಕತ್ತರಿಸಿ ಸೇರಿಸುತ್ತೇನೆ ಅನ್ನುತ್ತಾರೆ. ಹೈವೇ ಪಕ್ಕದ ಸ್ಪ್ರಿಂಗ್ ಕೆಲಸದವರು ಇರುವ ಪ್ಲೇಟನ್ನೇ ಕಾಯಿಸಿ ಬಾಗಿಸಿ ಕೊಡುತ್ತೇವೆ ಅಂದಿದ್ದಾರೆ. ಮೂರು ಜನ, ಮೂರು ಮಾತು. ಕೊಯ್ಲು ಶುರುವಾಗುವ ಮುಂಚೆ ಮುಗಿಸಬೇಕು. ಯಾವುದು ಸರಿ?

ಪಿಕಪ್‌ಸವಾರ

ಸುಲಭ ದಾರಿ ಇದೆ. ಆಕ್ಸಲ್‌ಗೂ ಪ್ಲೇಟಿಗೂ ನಡುವೆ 2 ಇಂಚಿನ ಕಬ್ಬಿಣದ ಬ್ಲಾಕ್ ಕೂರಿಸಿ, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಉದ್ದದ್ದು ಹಾಕಿಸಿ. ಅರ್ಧ ದಿನದ ಕೆಲಸ. ನನ್ನ ಪಿಕಪ್‌ಗೆ ಹಾಗೇ ಮಾಡಿಸಿದ್ದೇನೆ, ಚೆನ್ನಾಗಿದೆ.

ಹಾಸನ_ಗ್ಯಾರೇಜ್

ಪಿಕಪ್‌ಸವಾರ ಸರ್, ನಿಮ್ಮ ಗಾಡಿಗೆ ಸರಿ, ಈ ಜೀಪಿಗೆ ಬೇಡವೇ ಬೇಡ. ನಿಮ್ಮದರಲ್ಲಿ ಪ್ಲೇಟ್ ಆಕ್ಸಲ್ ಮೇಲೆ ಕೂತಿದೆ. ಅದಕ್ಕೇ ಬ್ಲಾಕ್ ಹಾಕಿದಾಗ ಗಾಡಿ ಮೇಲೆ ಎದ್ದಿತು. ಜೀಪಿನಲ್ಲಿ ಕಂಪನಿಯಿಂದ ಬರುವಾಗ ಪ್ಲೇಟ್ ಆಕ್ಸಲ್ ಕೆಳಗೆ ಇರುತ್ತದೆ. ಇಲ್ಲಿ ನಡುವೆ ಬ್ಲಾಕ್ ಇಟ್ಟರೆ ಆಕ್ಸಲ್ ಚಾಸಿಯ ಹತ್ತಿರ ಹೋಗುತ್ತದೆ, ಬಾಡಿ ಇನ್ನೂ 2 ಇಂಚು ಕೆಳಗೆ ಬರುತ್ತದೆ. ಈಗ ಗುಂಡಿಗೆ ಬಿದ್ದಾಗ ಬಡಿಯುವ ಸ್ಟಾಪರ್ ಆಮೇಲೆ ನಿಂತಲ್ಲೇ ಬಡಿಯುತ್ತದೆ.

ಶಾಕ್ ಅಬ್ಸಾರ್ಬರ್ ವಿಷಯ. ಅದು ಗಾಡಿಯ ಭಾರ ಹೊರುವುದಿಲ್ಲ. ಪ್ಲೇಟ್ ಕುಣಿಯುವುದನ್ನು ತಡೆಯುವುದಷ್ಟೇ ಅದರ ಕೆಲಸ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿ ಪಕ್ಕಕ್ಕಿಟ್ಟರೂ ಜೀಪು ಈಗ ಎಷ್ಟು ಎತ್ತರದಲ್ಲಿ ನಿಂತಿದೆಯೋ ಹೆಚ್ಚುಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ. ಅದು ಸೋರುತ್ತಿದ್ದರೆ ಬದಲಿಸಿ, ಬೇಡ ಅನ್ನುವುದಿಲ್ಲ. ಆದರೆ ಕೂತ ಜೀಪು ಅದರಿಂದ ಏಳುವುದಿಲ್ಲ.

ಈಗಲೇ ದುಡ್ಡು ಬಿಚ್ಚಬೇಡಿ. ಮೊದಲು ಟೇಪು ಹಿಡಿದು ಅಳೆಯಿರಿ.

ಸಮತಟ್ಟು ನೆಲ ಇರಲಿ. ಕಾಫಿ ಒಣಗಿಸುವ ಕಣ ಇದೆಯಲ್ಲ, ಅದೇ ಸಾಕು. ನಾಲ್ಕೂ ಟೈರಿಗೆ ಗಾಳಿ ಸರಿಯಾಗಿ ಹಾಕಿ, ಹಿಂದಿರುವ ಸಾಮಾನೆಲ್ಲ ಇಳಿಸಿ. ಸ್ವಲ್ಪ ಮುಂದೆ ಹಿಂದೆ ಓಡಿಸಿ ನಿಲ್ಲಿಸಿ. ಚಕ್ರದ ನಡುವಿನಿಂದ ನೇರ ಮೇಲಿರುವ ಬಾಡಿ ಅಂಚಿಗೆ ಎಷ್ಟು ಅಂತ ನಾಲ್ಕು ಕಡೆ ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರ್ ಸವೆದಿದ್ದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು, ವಾಲಿರುವುದಕ್ಕೆ ಹಿಂದಿನ ಪ್ಲೇಟೇ ಕಾರಣವಾ, ಮುಂದಿನದ್ದಾ ನೋಡಬೇಕು. ಮುಂದಿನ ಬಲಗಡೆ ಸೋತಿದ್ದರೂ ಇಡೀ ಗಾಡಿ ಬಲಕ್ಕೇ ವಾಲುತ್ತದೆ. ಚಾಸಿಯ ಹಿಂದಿನ ಅಡ್ಡಪಟ್ಟಿಯ ನಟ್ಟನಡುವೆ ಜಾಕಿ ಕೊಟ್ಟು ಸ್ವಲ್ಪ ಎತ್ತಿ, ಹಿಂದಿನ ಪ್ಲೇಟಿನ ಮೇಲೆ ಭಾರ ಇಲ್ಲದ ಹಾಗೆ ಮಾಡಿ. ಈಗ ಹಿಂದೆ ಗಾಡಿ ಒಂದೇ ಬಿಂದುವಿನ ಮೇಲೆ ನಿಂತಿರುತ್ತದೆ. ವಾಲಿದ್ದು ನೆಟ್ಟಗಾದರೆ ತಪ್ಪು ಹಿಂದಿನ ಪ್ಲೇಟಿನದು. ಆಗಲೂ ವಾಲಿಕೊಂಡೇ ಇದ್ದರೆ ಮುಂದೆ ಹುಡುಕಿ. ಇದನ್ನು ಮಾಡುವಾಗ ಗಾಡಿ ಕೆಳಗೆ ಮಾತ್ರ ತೂರಬೇಡಿ.

ಮೂರನೆಯದು, ಪ್ಲೇಟುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಒಂದೊಂದರ ತುದಿಗೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಇರುವುದು ಠಣ್ ಅನ್ನುತ್ತದೆ. ಒಳಗೆ ಮುರಿದದ್ದು ಬೊದ್ದು ಶಬ್ದ ಕೊಡುತ್ತದೆ, ಇಲ್ಲಾ ಜೋಲಾಡುತ್ತದೆ.

ಕಾಫಿತೋಟ540

ಬಹಳ ಉಪಕಾರವಾಯಿತು ಸರ್. ಭಾನುವಾರ ಕಣದಲ್ಲಿ ನಿಲ್ಲಿಸಿ ಅಳೆದೆ. ಹಿಂದೆ ಎಡಕ್ಕೆ 43 ಸೆಂಟಿಮೀಟರ್, ಬಲಕ್ಕೆ 39.5. ಮುಂದೆ ಎರಡೂ ಕಡೆ ಹತ್ತಿರ ಹತ್ತಿರ ಒಂದೇ, ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಜಾಕಿ ಕೊಟ್ಟು ಎತ್ತಿದಾಗ ಗಾಡಿ ನೆಟ್ಟಗಾಯಿತು. ಅಂದರೆ ಹಿಂದಿನದ್ದೇ ಅಲ್ವಾ?

ತಟ್ಟಿಯೂ ನೋಡಿದೆ. ಬಲಗಡೆ ಮೇಲಿನಿಂದ ಮೂರನೇ ಪ್ಲೇಟ್ ಬೊದ್ದು. ಟಾರ್ಚ್ ಬಿಟ್ಟು ನೋಡಿದರೆ ಅದರ ತುದಿ ಉಳಿದವುಗಳಿಗಿಂತ ಸ್ವಲ್ಪ ಪಕ್ಕಕ್ಕೆ ಸರಿದಿದೆ. ಯು-ಬೋಲ್ಟ್ ಹತ್ತಿರ ಪ್ಲೇಟುಗಳ ಸಂದಿಯಿಂದ ಕೆಂಪು ತುಕ್ಕಿನ ನೀರು ಇಳಿದ ಗೆರೆ ಇದೆ. ಹೊರಗೆ ಎಲ್ಲೂ ಬಿರುಕು ಕಾಣುವುದಿಲ್ಲ.

ಇನ್ನೊಂದು ವಿಚಿತ್ರ. ಬಲಗಡೆ ಹಿಂದಿನ ಶಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಅಲ್ಲಾಡುವ ಕೊಂಡಿ) ತುಂಬಾ ಹಿಂದಕ್ಕೆ ಮಲಗಿದೆ. ಎಡಗಡೆಯದು ಅಷ್ಟಿಲ್ಲ.

ಹಾಸನ_ಗ್ಯಾರೇಜ್

ಸಿಕ್ಕಿತು. ಆ ಮೂರನೇ ಪ್ಲೇಟ್ ಸೆಂಟರ್ ಬೋಲ್ಟ್ (ಪ್ಲೇಟುಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಬೋಲ್ಟ್) ತೂತಿನ ಹತ್ತಿರ ಮುರಿದಿರುತ್ತದೆ. ತೂತು ಇರುವ ಕಡೆ ಪ್ಲೇಟಿಗೆ ಬಲ ಕಡಿಮೆ. ಯು-ಬೋಲ್ಟ್ ಸ್ವಲ್ಪ ಸಡಿಲವಾದರೂ ಪ್ಲೇಟ್ ಅಲ್ಲೇ ಬಾಗಿ ಬಾಗಿ ಅಲ್ಲೇ ಮುರಿಯುತ್ತದೆ. ಕೆಂಪು ಗೆರೆ ಅದರದ್ದೇ ಗುರುತು. ಒಳಗೆ ಎರಡು ತುಂಡು ಒಂದಕ್ಕೊಂದು ತಿಕ್ಕಿ ಬಂದ ತುಕ್ಕಿನ ಪುಡಿ, ಮಳೆನೀರಿನ ಜೊತೆ ಇಳಿದಿದೆ.

ಶಾಕಲ್ ಮಲಗಿದ್ದು ವಿಚಿತ್ರ ಏನಲ್ಲ. ಬಾಗಿದ ಪ್ಲೇಟ್ ಚಪ್ಪಟೆಯಾದಷ್ಟೂ ಅದರ ತುದಿಯ ಎರಡು ಕಣ್ಣುಗಳ (ಬೋಲ್ಟ್ ಹಾಯುವ ಸುರುಳಿಗಳ) ನಡುವಿನ ಅಂತರ ಉದ್ದವಾಗುತ್ತದೆ. ಮುಂದಿನ ಕಣ್ಣು ಚಾಸಿಗೆ ಹಿಡಿದುಕೊಂಡಿದೆ, ಹೋಗಲು ಜಾಗ ಇಲ್ಲ. ಹಾಗಾಗಿ ಹಿಂದಿನ ಶಾಕಲ್ಲನ್ನು ತಳ್ಳುತ್ತದೆ.

ಇನ್ನೊಂದು ಅಳತೆ ತೆಗೆದುಕೊಳ್ಳಿ. ಪ್ಲೇಟಿನ ಮುಂದಿನ ಬೋಲ್ಟಿನಿಂದ ಆಕ್ಸಲ್ ನಡುವಿನವರೆಗೆ, ಎರಡೂ ಕಡೆ. ವ್ಯತ್ಯಾಸ ಜಾಸ್ತಿ ಬಂದರೆ ಸೆಂಟರ್ ಬೋಲ್ಟೂ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿದಿದೆ ಅಂತ ಅರ್ಥ. ಹಾಗಿದ್ದರೆ ಲೋಡ್ ಹಾಕಿ ಓಡಿಸುವುದು ಈಗಲೇ ನಿಲ್ಲಿಸಿ.

ಕಾಫಿತೋಟ540

ಅಳೆದೆ, ಎರಡೂ ಕಡೆ ಸಮ ಇದೆ. ಆಕ್ಸಲ್ ಸರಿದಿಲ್ಲ.

ಹಾಗಾದರೆ ಮುರಿದ ಒಂದು ಪ್ಲೇಟ್ ಮಾತ್ರ ಬದಲಿಸಿದರೆ ಸಾಕಾ? ಮತ್ತೆ ಆ ಲಾರಿ ಪ್ಲೇಟ್ ಸೇರಿಸುವ ಸಲಹೆ? ಗೊಬ್ಬರ, ಕಾಫಿ ಚೀಲ ಹಾಕುವುದು ತಪ್ಪುವುದಿಲ್ಲ, ಅದಕ್ಕೇ ಕೇಳಿದೆ.

ಲೆಕ್ಕದ_ಹುಡುಗ

ಲಾರಿ ಪ್ಲೇಟ್ ವಿಷಯಕ್ಕೆ ನನ್ನದೊಂದು ಲೆಕ್ಕ. ಪ್ಲೇಟಿನ ಗಡಸು ಅದರ ಅಗಲಕ್ಕೆ ತಕ್ಕ ಹಾಗೆ ಏರುತ್ತದೆ. ದಪ್ಪದ ಕತೆ ಬೇರೆ, ಅದು ಘನದ ಲೆಕ್ಕದಲ್ಲಿ ಏರುತ್ತದೆ. ಒಂದೇ ಉದ್ದ, ಒಂದೇ ಅಗಲದ ಎರಡು ಪ್ಲೇಟ್ ತೆಗೆದುಕೊಳ್ಳಿ, ಒಂದು 6 ಮಿಲಿಮೀಟರ್, ಇನ್ನೊಂದು 8. ಎರಡನೆಯದು ಮೊದಲನೆಯದರ 2.37 ಪಟ್ಟು ಗಟ್ಟಿ. 10 ಮಿಲಿಮೀಟರ್ ಆದರೆ 4.6 ಪಟ್ಟು. ಜೀಪಿನ ತೆಳು ಪ್ಲೇಟುಗಳ ಕೆಳಗೆ ಲಾರಿಯ ದಪ್ಪ ಪ್ಲೇಟ್ ಎರಡು ತುರುಕಿದರೆ ಹೆಚ್ಚುಕಡಿಮೆ ಒಂಬತ್ತು ಪ್ಲೇಟ್ ಸೇರಿಸಿದ ಹಾಗೆ. ಕತ್ತರಿಸಿ ಗಿಡ್ಡ ಮಾಡಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೂ ಜೀಪು ಎತ್ತಿನಗಾಡಿ ಆಗುವುದು ಖಂಡಿತ.

ಸೊಂಟ ಹೋಗುವುದು ಒಂದು ಕಡೆ ಇರಲಿ. ಕೆಳಗಿನ ದಪ್ಪ ಪ್ಲೇಟ್ ಬಾಗುವುದೇ ಇಲ್ಲ. ಬಾಗುವ ಕೆಲಸ ಎಲ್ಲಾ ಅದರ ತುದಿಯಿಂದ ಆಚೆ ಇರುವ ಮೇನ್ ಪ್ಲೇಟಿನ (ಕಣ್ಣುಗಳಿರುವ ಮೇಲಿನ ಪ್ಲೇಟಿನ) ಪಾಲಿಗೆ ಬರುತ್ತದೆ. ಕೊನೆಗೆ ಮೇನ್ ಪ್ಲೇಟೇ ಮುರಿಯುತ್ತದೆ. ಮೂರನೇ ಪ್ಲೇಟ್ ಮುರಿದರೆ ಜೀಪು ವಾಲುತ್ತದೆ. ಮೇನ್ ಪ್ಲೇಟ್ ಕಣ್ಣಿನ ಹತ್ತಿರ ಮುರಿದರೆ ಆಕ್ಸಲ್ಲನ್ನು ಹಿಡಿದುಕೊಳ್ಳಲು ಆ ಕಡೆ ಏನೂ ಉಳಿಯುವುದಿಲ್ಲ. ಚಾರ್ಮಾಡಿ ಇಳಿಯುವಾಗ ಹಾಗಾದರೆ ಏನು ಗತಿ, ನೀವೇ ಯೋಚಿಸಿ.

ಹಾಸನ_ಗ್ಯಾರೇಜ್

ಲೆಕ್ಕ ಸರಿಯಾಗಿದೆ. ಒಂದೇ ಪ್ಲೇಟ್ ಬದಲಿಸುವ ಪ್ರಶ್ನೆಗೆ ಬರುತ್ತೇನೆ.

ಬೇರೆ ಪ್ಲೇಟುಗಳಿಗೆ ಇನ್ನೂ ವಯಸ್ಸಿದ್ದರೆ ಒಂದು ಬದಲಿಸಿದರೆ ನಡೆಯುತ್ತಿತ್ತು. ನಿಮ್ಮದು ಎಡಗಡೆಯೂ ಕೂತಿದೆ. ಮುರಿದದ್ದರ ಭಾರವನ್ನು ಬಲಗಡೆ ಉಳಿದ ಪ್ಲೇಟುಗಳು ಹೊತ್ತಿವೆ, ಅವೂ ಸೋತಿವೆ. ಹೊಸದೊಂದು ಹಾಕಿದರೆ ಅದೊಂದೇ ಬಾಗು ಇಟ್ಟುಕೊಂಡು ನಿಲ್ಲುತ್ತದೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಅದೂ ಬೇಗ ಹೋಗುತ್ತದೆ.

ಕಾಯಿಸಿ ಬಾಗಿಸುವುದರ ಬಗ್ಗೆ. ಕೆಲಸ ಬಲ್ಲವರು ಮಾಡಿದರೆ ತಪ್ಪಿಲ್ಲ. ಆದರೆ ಬಾಗಿಸುವುದು ಅರ್ಧ ಕೆಲಸ ಮಾತ್ರ. ಕೆಂಪಗೆ ಕಾಯಿಸಿದ ಪ್ಲೇಟನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಬೇಕು. ಆಮೇಲೆ ಮತ್ತೆ 450ರಿಂದ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಹದವಾಗಿ ಕಾಯಿಸಿ ಅದರ ಪೆಡಸುತನ ತೆಗೆಯಬೇಕು. ಇದ್ದಿಲ ಕುಲುಮೆಯಲ್ಲಿ ಕಾಯಿಸಿ, ಸುತ್ತಿಗೆಯಲ್ಲಿ ಬಾಗಿಸಿ, ಹಾಗೇ ಗಾಳಿಗೆ ಆರಲು ಬಿಟ್ಟರೆ ಅದು ಸ್ಪ್ರಿಂಗ್ ಅಲ್ಲ, ಬರೀ ಕಬ್ಬಿಣದ ಪಟ್ಟಿ. ಅಂಗಡಿಯಿಂದ ಬರುವಾಗ ಚೆಂದ ಎದ್ದಿರುತ್ತದೆ, ಎರಡು ಮಳೆಗಾಲ ತಡೆಯುವುದಿಲ್ಲ. ಹಾಗಾಗಿ ಆ ಅಂಗಡಿಯವರನ್ನು ಒಂದೇ ಮಾತು ಕೇಳಿ: ಎಣ್ಣೆಗೆ ಹಾಕಿದ ಮೇಲೆ ಮತ್ತೆ ಕಾಯಿಸುತ್ತೀರಾ? ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ನನ್ನ ಅಭಿಪ್ರಾಯ, ಹಿಂದಿನ ಎರಡೂ ಕಡೆ ಹೊಸ ಸೆಟ್ ಹಾಕಿ. ಎಂಎಂ 540ಕ್ಕೆ ಸೆಟ್ ಇನ್ನೂ ಸಿಗುತ್ತದೆ. ಭಾರ ಹಾಕುವುದು ತಪ್ಪದಿದ್ದರೆ ಅದೇ ದಪ್ಪದ, ಅದೇ ಅಗಲದ ಒಂದು ಪ್ಲೇಟ್ ಹೆಚ್ಚಿಗೆ ಸೇರಿಸಿ. ಎರಡೂ ಕಡೆ ಒಂದೊಂದು, ಅದಕ್ಕಿಂತ ಜಾಸ್ತಿ ಬೇಡ. ಹಳೇ ಸೆಟ್ ಜೊತೆಗೆ ಒಯ್ದು, ಅಗಲ, ಕಣ್ಣಿನಿಂದ ಕಣ್ಣಿಗೆ ಉದ್ದ, ಸೆಂಟರ್ ಬೋಲ್ಟಿನ ಜಾಗ ಮೂರನ್ನೂ ಹೊಂದಿಸಿ ನೋಡಿ. ಯು-ಬೋಲ್ಟ್, ಸೆಂಟರ್ ಬೋಲ್ಟ್, ಕಣ್ಣಿನೊಳಗಿನ ರಬ್ಬರ್ ಬುಶ್ ಎಲ್ಲಾ ಹೊಸದೇ ಆಗಬೇಕು. ಒಮ್ಮೆ ಬಿಗಿದ ಯು-ಬೋಲ್ಟ್ ಎಳೆದುಕೊಂಡಿರುತ್ತದೆ, ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ.

ಕಾಫಿತೋಟ540

ಸರಿ, ಹೊಸ ಸೆಟ್ಟೇ ತರುತ್ತೇನೆ. ಬಿಚ್ಚಿ ಹಾಕುವ ಕೆಲಸ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ತಮ್ಮನೂ ಜೊತೆಗಿದ್ದಾನೆ. ಎಚ್ಚರಿಕೆ ಏನಾದರೂ?

ಹಾಸನ_ಗ್ಯಾರೇಜ್

ಮೊದಲ ಎಚ್ಚರಿಕೆ ಹ್ಯಾಂಡ್ ಬ್ರೇಕ್ ನಂಬಬೇಡಿ. ಹಳೇ ಜೀಪುಗಳಲ್ಲಿ ಅದು ಹಿಂದಿನ ಚಕ್ರಕ್ಕೆ ಬದಲು ಪ್ರೊಪೆಲ್ಲರ್ ಶಾಫ್ಟಿಗೆ (ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ತಿರುಗುವ ದಂಡಕ್ಕೆ) ಹಿಡಿಯುವುದುಂಟು. ಹಾಗಿದ್ದರೆ ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ತಿರುಗಿಕೊಳ್ಳುತ್ತದೆ, ಬ್ರೇಕ್ ಎಳೆದಿದ್ದರೂ ಜೀಪು ಉರುಳುತ್ತದೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿ ಮರದ ತುಂಡು ಕೊಡಿ.

ಚಾಸಿಗೆ ಎರಡು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸುವ ಸಾಹಸ ಬೇಡ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಆಕ್ಸಲ್ ಕೆಳಗೆ ಬೇರೆ ಜಾಕಿ ಇರಲಿ, ಅದನ್ನು ಏರಿಸಿ ಇಳಿಸಿ ಹೊಂದಿಸಬಹುದು. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಬಿಚ್ಚಿ. ಎರಡೂ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಅಲ್ಲಾಡಿ ಬ್ರೇಕ್ ಪೈಪು ಎಳೆಯುತ್ತದೆ.

ಹಳೇ ಪ್ಲೇಟಿನ ಸೆಂಟರ್ ಬೋಲ್ಟ್ ಬಿಚ್ಚುವುದಿದ್ದರೆ ಜಿ ಕ್ಲ್ಯಾಂಪ್ ಹಾಕಿ ಬಿಚ್ಚಿ, ಮುಖ ದೂರ ಇರಲಿ. ಹೊಸದು ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಕೂರದೆ ಯು-ಬೋಲ್ಟ್ ಬಿಗಿದರೆ ಆಕ್ಸಲ್ ಸೊಟ್ಟ ನಿಲ್ಲುತ್ತದೆ. ಯು-ಬೋಲ್ಟಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಕಣ್ಣು ಮತ್ತು ಶಾಕಲ್ ಬೋಲ್ಟ್ ಮಾತ್ರ ಆಗಲೇ ಪೂರ್ತಿ ಬಿಗಿಯಬೇಡಿ. ಜೀಪು ನಾಲ್ಕು ಚಕ್ರದ ಮೇಲೆ ನಿಂತ ಮೇಲೆ ಬಿಗಿಯಿರಿ. ನೇತಾಡುವಾಗ ಬಿಗಿದರೆ ರಬ್ಬರ್ ಬುಶ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಕಾಫಿತೋಟ540

ಕೆಲಸ ಮುಗಿಯಿತು. ಬಲಗಡೆ ಸೆಟ್ ಬಿಚ್ಚಿದಾಗ ಮೂರನೇ ಪ್ಲೇಟ್ ಎರಡು ತುಂಡಾಗಿ ಕೈಗೆ ಬಂತು, ಸೆಂಟರ್ ಬೋಲ್ಟ್ ತೂತಿನ ಅಂಚಿನಲ್ಲೇ ಮುರಿದಿತ್ತು. ಮುರಿದ ಜಾಗದ ಮುಕ್ಕಾಲು ಭಾಗ ಕಪ್ಪು ತುಕ್ಕು, ಕಾಲು ಭಾಗ ಮಾತ್ರ ಹೊಳೆಯುತ್ತಿತ್ತು. ಬಿರುಕು ಬಿಟ್ಟು ಬಹಳ ಕಾಲ ಆಗಿತ್ತು ಅಂತ ಕಾಣುತ್ತದೆ. ನಾಲ್ಕನೆಯದರಲ್ಲೂ ಕೂದಲೆಳೆಯಷ್ಟು ಗೆರೆ ಸಿಕ್ಕಿತು.

ಹೊಸ ಸೆಟ್, ಜೊತೆಗೆ ಅದೇ ದಪ್ಪದ ಒಂದೊಂದು ಪ್ಲೇಟ್ ಹೆಚ್ಚಿಗೆ. ಈಗ ಎಡ 47.5, ಬಲ 47. ಖಾಲಿ ಇದ್ದಾಗ ಸ್ವಲ್ಪ ಎತ್ತಿ ಎತ್ತಿ ಹಾಕುತ್ತದೆ, ಚೀಲ ಹಾಕಿದರೆ ಹಾಯಾಗಿ ಹೋಗುತ್ತದೆ. ಹೆಡ್‌ಲೈಟೂ ರಸ್ತೆಗೆ ಬಂತು. ಒಂದು ಸಂದೇಹ. ನಮ್ಮಲ್ಲಿ ಮಳೆಗಾಲದ ಮುಂಚೆ ಪ್ಲೇಟಿಗೆ ವೇಸ್ಟ್ ಆಯಿಲ್ ಬಳಿಯುವ ರೂಢಿ ಇದೆ. ಬಳಿಯಲಾ?

ಹಾಸನ_ಗ್ಯಾರೇಜ್

ಆಯಿಲ್ ಬೇಡ. ಧೂಳು, ಕೆಸರು ಹಿಡಿದು ಉಪ್ಪುಕಾಗದದ ಹಾಗೆ ತಿಕ್ಕುತ್ತದೆ, ರಬ್ಬರ್ ಬುಶ್‌ಗೆ ತಾಗಿದರೆ ಅದೂ ಮೆತ್ತಗಾಗಿ ಹಾಳು. ತೊಳೆದು ಒಣಗಿಸಿ ಪ್ಲೇಟಿನ ತುದಿಗಳ ಸಂದಿಗೆ ಗ್ರಾಫೈಟ್ ಗ್ರೀಸ್ ಹಾಕಿ. ನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್ ಮತ್ತೆ ಬಿಗಿಯಬೇಕು, ಇದು ಮರೆಯಬೇಡಿ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂರುವಾಗ ಬೋಲ್ಟ್ ಸಡಿಲಾಗುತ್ತದೆ. ಎತ್ತರವೂ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಟಾಪ್ ಗೇರಿನಲ್ಲಿ ಓಡಿಸಿ ನೋಡಿ, ಹಿಂದಿನಿಂದ ಗುಂಯ್ ಅಂತ ನಡುಕ ಬಂದರೆ ಹೇಳಿ. ಎತ್ತರ ಬದಲಾದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ, ಶಾಫ್ಟಿನ ತುದಿಯ ಹಳೇ ಜಾಯಿಂಟ್ ಕ್ರಾಸ್ ಆಗ ತಕರಾರು ತೆಗೆಯುತ್ತದೆ.

ಜಿಪ್ಸಿ_ಸಕಲೇಶಪುರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಹಳೇ ಮಾರುತಿ ಜಿಪ್ಸಿ, ಈಚೆಗೆ ತೆಗೆದುಕೊಂಡೆ. ಹಿಂದೆ ಎರಡೂ ಕಡೆ ಸಮನಾಗಿ ಕೂತಿದೆ, ಪ್ಲೇಟ್ ತಟ್ಟಿದರೆ ಎಲ್ಲಾ ಠಣ್ ಅನ್ನುತ್ತವೆ. ನಾಲ್ಕು ಜನ ಕೂತರೆ ಸ್ಟಾಪರ್ ಬಡಿಯುತ್ತದೆ.

ಹಾಸನ_ಗ್ಯಾರೇಜ್

ಹಿಂದಿನ ಮಾಲೀಕರು ಮೆತ್ತಗೆ ಓಡಲಿ ಅಂತ ಪ್ಲೇಟ್ ತೆಗೆಸಿರಬಹುದು, ಜಿಪ್ಸಿಯಲ್ಲಿ ಇದು ಮಾಮೂಲು. ಪ್ಲೇಟುಗಳನ್ನು ಒಟ್ಟಿಗೆ ಸುತ್ತಿ ಹಿಡಿಯುವ ಕ್ಲಿಪ್ ನೋಡಿ. ಕ್ಲಿಪ್ಪಿಗೂ ಕೆಳಗಿನ ಪ್ಲೇಟಿಗೂ ನಡುವೆ ಒಂದು ಪ್ಲೇಟಿನಷ್ಟು ಜಾಗ ಖಾಲಿ ಇದ್ದರೆ, ಇಲ್ಲಾ ಯು-ಬೋಲ್ಟಿನ ಮರೆ (ಥ್ರೆಡ್) ನಟ್ಟಿನಿಂದ ಆಚೆ ಬಹಳ ಉದ್ದ ಇಳಿದಿದ್ದರೆ ತೆಗೆದಿದ್ದಾರೆ ಅಂತಲೇ. ಎರಡೂ ಕಡೆ ಫೋಟೊ ಹಾಕಿ, ನೋಡಿ ಹೇಳುತ್ತೇನೆ.