ನಾಲ್ಕು ದಿನ ದೆಹಲಿ, ಜೊತೆಗೆ ಅಮ್ಮನ ಮಂಡಿ ನೋವು: ಯಾವುದು ನೋಡಲಿ, ಯಾವುದು ಬಿಡಲಿ?

ತಿಪಟೂರಿನ ತೆಂಗು:

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಯಲ್ಲಿ ಅಪ್ಪ, ಅಮ್ಮ, ಏಳನೇ ಕ್ಲಾಸಿನ ಮಗಳು, ನಾನು ದೆಹಲಿಗೆ ಹೊರಟಿದ್ದೇವೆ. ಶುಕ್ರವಾರ ಬೆಳಿಗ್ಗೆ ಇಳಿದರೆ ಸೋಮವಾರ ರಾತ್ರಿ ವಾಪಸ್ ವಿಮಾನ. ಒಬ್ಬ ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಒಂದೇ ದಿನಕ್ಕೆ ಒಂಬತ್ತು ಜಾಗ ಇದೆ. ಅಮ್ಮನಿಗೆ ಎರಡೂ ಮಂಡಿ ನೋವು. ಸಮತಟ್ಟಾಗಿದ್ದರೆ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ಅಪ್ಪನಿಗೆ ಶಾಸನ ಅಂದರೆ ಪ್ರಾಣ. ಊರ ಸುತ್ತಮುತ್ತಲ ವೀರಗಲ್ಲುಗಳನ್ನೆಲ್ಲ ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದವರು. ಮಗಳಿಗೆ ಆಕಾಶ, ನಕ್ಷತ್ರದ ಹುಚ್ಚು. ಮೂವರಿಗೂ ಖುಷಿಯಾಗುವ ಹಾಗೆ ಹೇಗೆ ನೋಡುವುದು? ಆಗ್ರಾಕ್ಕೂ ಹೋಗಬೇಕಾ?

ಮೋತಿಬಾಗ್ ಕನ್ನಡಿಗ:

ಆ ಪಟ್ಟಿಯನ್ನು ದಯವಿಟ್ಟು ಬಿಟ್ಟುಬಿಡಿ. ಅರ್ಧ ದಿನ ಗಾಡಿಯಲ್ಲೇ ಕಳೆದುಹೋಗುತ್ತದೆ, ಹತ್ತಿ ಇಳಿದು ಅಮ್ಮನಿಗೆ ಮಂಡಿ ಊದಿಕೊಳ್ಳುತ್ತದೆ.

ಊರಿಂದ ಯಾರು ಬಂದರೂ ನಾನು ಹೇಳುವುದು ಒಂದೇ ಮಾತು. ದೆಹಲಿಯನ್ನು ವಯಸ್ಸಿನ ಪ್ರಕಾರ ನೋಡಿ. ಇಲ್ಲಿ ಒಬ್ಬೊಬ್ಬ ದೊರೆ ಒಂದೊಂದು ಕಡೆ ರಾಜಧಾನಿ ಕಟ್ಟಿದ್ದಾನೆ. ಹಳೆಯದರಿಂದ ಹೊಸದಕ್ಕೆ ಬಂದರೆ ಮಗುವಿಗೂ ಕಥೆ ಅರ್ಥವಾಗುತ್ತದೆ. ಅದೃಷ್ಟಕ್ಕೆ ನಿಮ್ಮ ವಾರಗಳೂ ಇದಕ್ಕೆ ಸರಿಯಾಗಿ ಹೊಂದುತ್ತವೆ.

ಶುಕ್ರವಾರ ಮೆಹ್ರೌಲಿ, ಅಂದರೆ ಕುತುಬ್ ಮಿನಾರ್. ಬೇರೆ ಏನೂ ಇಟ್ಟುಕೊಳ್ಳಬೇಡಿ. ಒಳಗೆ ಹೆಚ್ಚಿನ ಕಡೆ ಕಲ್ಲು ಹಾಸಿದ ಸಮತಟ್ಟು ದಾರಿ. ಮಿನಾರ್ ಎತ್ತರ ಸುಮಾರು 73 ಮೀಟರ್. 1981ರ ಕಾಲ್ತುಳಿತದಲ್ಲಿ ಶಾಲಾ ಮಕ್ಕಳು ತೀರಿಹೋದ ಮೇಲೆ ಯಾರನ್ನೂ ಮೇಲೆ ಬಿಡುವುದಿಲ್ಲ. ಹಾಗಾಗಿ ಅಮ್ಮನಿಗೆ ತಪ್ಪಿಹೋಯಿತು ಅನ್ನುವಂಥದ್ದು ಇಲ್ಲಿ ಏನೂ ಇಲ್ಲ. ಮಗಳಿಗೆ ಬುಡದಲ್ಲಿ ನಿಂತು ಮೇಲಕ್ಕೆ ನೋಡಲು ಹೇಳಿ. ಮೊದಲ ಅಂತಸ್ತಿನಲ್ಲಿ ಒಂದು ಪಟ್ಟಿ ದುಂಡಗೆ, ಒಂದು ಪಟ್ಟಿ ಚೂಪಗೆ. ಎರಡನೆಯದರಲ್ಲಿ ಬರೀ ದುಂಡು, ಮೂರನೆಯದರಲ್ಲಿ ಬರೀ ಚೂಪು. ಅದರ ಮೇಲಿನ ಅಂತಸ್ತುಗಳಲ್ಲಿ ಬಿಳಿ ಅಮೃತಶಿಲೆ ಸೇರಿಕೊಳ್ಳುತ್ತದೆ. 1368ರಲ್ಲಿ ಸಿಡಿಲು ಬಡಿದ ಮೇಲೆ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ತುದಿಯನ್ನು ರಿಪೇರಿ ಮಾಡಿಸಿದ. ಈ ಒಂದು ಕಂಬದಲ್ಲೇ ನೂರೈವತ್ತಕ್ಕೂ ಹೆಚ್ಚು ವರ್ಷದ ಕೆಲಸ ಇದೆ.

ಅಪ್ಪನನ್ನು ಕಬ್ಬಿಣದ ಕಂಬದ ಹತ್ತಿರ ಬಿಟ್ಟುಬಿಡಿ. ಅವಸರ ಮಾಡಬೇಡಿ. ಏಳು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಆರು ಟನ್ನಿಗೂ ಮೇಲೆ ತೂಕ, ಸುಮಾರು 1600 ವರ್ಷ ಹಳೆಯದು. ಬ್ರಾಹ್ಮಿ ಲಿಪಿ, ಸಂಸ್ಕೃತ ಭಾಷೆ, ಆರು ಸಾಲು. 'ಚಂದ್ರ' ಅನ್ನುವ ರಾಜನನ್ನು ಹೊಗಳುತ್ತದೆ. ಇವನು ಗುಪ್ತರ ಇಮ್ಮಡಿ ಚಂದ್ರಗುಪ್ತ ಎಂದು ಹೆಚ್ಚಿನವರು ಒಪ್ಪುತ್ತಾರೆ. ಮಳೆಯಲ್ಲಿ ನಿಂತರೂ ಇಷ್ಟು ವರ್ಷದಲ್ಲಿ ತುಕ್ಕು ತಿಂದು ಹಾಕಿಲ್ಲ. ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ ಇರುವುದರಿಂದ ಮೇಲೆ ತೆಳ್ಳಗೆ ಒಂದು ಪದರ ಕಟ್ಟಿಕೊಂಡು ಒಳಗಿನದನ್ನು ಕಾಯುತ್ತದೆ. ಮೊದಲೆಲ್ಲ ಬೆನ್ನು ಕೊಟ್ಟು ನಿಂತು, ಹಿಂದಕ್ಕೆ ಕೈ ಚಾಚಿ ಕಂಬವನ್ನು ತಬ್ಬಿದರೆ ಅಂದುಕೊಂಡದ್ದು ಆಗುತ್ತದೆ ಎಂದು ಜನ ಸಾಲುಗಟ್ಟುತ್ತಿದ್ದರು. ಈಗ ಸುತ್ತ ಬೇಲಿ ಇದೆ. ಆದರೂ ಕೆಳಭಾಗ ನೋಡಿ, ಅಷ್ಟು ಕೈಗಳು ಸವರಿದ ಕಡೆ ಬಣ್ಣವೇ ಬೇರೆ, ನುಣ್ಣಗೆ ಹೊಳೆಯುತ್ತದೆ.

ಕಂಬದ ಸುತ್ತಲಿನ ಮಸೀದಿಯ ಮಂಟಪ 27 ದೇವಸ್ಥಾನಗಳ ಕಲ್ಲಿನಿಂದ ಕಟ್ಟಿದ್ದು ಎಂದು ಅಲ್ಲಿನ ಪರ್ಷಿಯನ್ ಶಾಸನವೇ ಹೇಳುತ್ತದೆ. ಕಂಬಗಳ ಮೇಲೆ ಸರಪಳಿ, ಗಂಟೆ ಇನ್ನೂ ಇವೆ. ನಮ್ಮ ಕಡೆಯ ಗುಡಿಗಳನ್ನು ನೋಡಿದ ಕಣ್ಣಿಗೆ ಥಟ್ಟನೆ ಗುರುತು ಸಿಗುತ್ತದೆ.

ಶನಿವಾರ ಹುಮಾಯೂನ್ ಸಮಾಧಿ. 1560ರ ದಶಕದಲ್ಲಿ ಶುರುವಾದ ಕಟ್ಟಡ, ತಾಜ್ ಮಹಲಿಗೆ ದಾರಿ ತೋರಿಸಿದ್ದು. 1857ರಲ್ಲಿ ಕೊನೆಯ ಬಾದಷಹ ಬಹಾದೂರ್ ಷಾ ಜಾಫರ್ ಸೆರೆಸಿಕ್ಕಿದ್ದೂ ಇಲ್ಲೇ. ಸಮಾಧಿಯ ಜಗಲಿಗೆ ಹತ್ತುವ ಮೆಟ್ಟಿಲು ತುಂಬಾ ಕಡಿದು, ಅಮ್ಮನಿಗೆ ಬೇಡ. ಕೆಳಗಿನ ತೋಟದಿಂದಲೇ ಚೆನ್ನಾಗಿ ಕಾಣುತ್ತದೆ. ಆಮೇಲೆ ಪಕ್ಕದ ಸುಂದರ್ ನರ್ಸರಿಗೆ ಬನ್ನಿ. ಸಮತಟ್ಟು ದಾರಿ, ನೆರಳು, ಬೆಂಚು, ಮೊಘಲರ ಕಾಲದ ಚಿಕ್ಕ ಚಿಕ್ಕ ಕಟ್ಟಡಗಳು. ಫೆಬ್ರವರಿಯಲ್ಲಿ ಹೂವೂ ಇರುತ್ತದೆ. ಅಮ್ಮನಿಗೆ ಇಡೀ ದೆಹಲಿಯಲ್ಲಿ ಇಷ್ಟವಾಗುವ ಜಾಗ ಇದೇ ಎಂದು ನನ್ನ ನಂಬಿಕೆ.

ಭಾನುವಾರ ಕೆಂಪು ಕೋಟೆ. ಸೋಮವಾರಕ್ಕೆ ಇಟ್ಟುಕೊಂಡರೆ ಬಾಗಿಲು ಹಾಕಿರುತ್ತದೆ, ನೆನಪಿರಲಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ಸೋಮವಾರ ಹೊಸದೆಹಲಿ. ಬೆಳಿಗ್ಗೆ ಜಂತರ್ ಮಂತರ್, ಮಗಳಿಗಾಗಿ. ಜೈಪುರದ ಜೈಸಿಂಗ್ 1724ರಲ್ಲಿ ಕಟ್ಟಿಸಿದ್ದು. ಸಾಮ್ರಾಟ್ ಯಂತ್ರದ ಇಳಿಜಾರು ಗೋಡೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ದೆಹಲಿಯ ಅಕ್ಷಾಂಶ ಎಷ್ಟೋ ಗೋಡೆಯ ಕೋನವೂ ಅಷ್ಟೇ, ಸುಮಾರು 28 ಡಿಗ್ರಿ ಚಿಲ್ಲರೆ. ಬಿಸಿಲು ಬಂದ ಮೇಲೆ ಹೋಗಿ, ನೆರಳಿಲ್ಲದೆ ಅಲ್ಲಿ ಏನೂ ಗೊತ್ತಾಗುವುದಿಲ್ಲ. ಆಮೇಲೆ ಇಂಡಿಯಾ ಗೇಟ್. ಹಿಂದಿನ ಮಂಟಪದಲ್ಲಿರುವ 28 ಅಡಿಯ ನೇತಾಜಿ ವಿಗ್ರಹ ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್.

ಇನ್ನೊಂದು ಜಾಗ ಯಾವ ಟ್ರಾವೆಲ್ಸ್ ಪಟ್ಟಿಯಲ್ಲೂ ನಾನು ನೋಡಿಲ್ಲ. ತೀನ್ ಮೂರ್ತಿ ವೃತ್ತ. ಕಲ್ಲಿನ ಕಂಬದ ಸುತ್ತ ಮೂವರು ಕಂಚಿನ ಸೈನಿಕರು ನಿಂತಿದ್ದಾರೆ. ಜೋಧಪುರ, ಹೈದರಾಬಾದ್, ಮತ್ತೆ ನಮ್ಮ ಮೈಸೂರು ಲ್ಯಾನ್ಸರ್ಸ್. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಕುದುರೆ ಸವಾರರು ಗೆದ್ದರಲ್ಲ, ಆಗ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳಿಗೆ ಎದುರಾಗಿ ಹತ್ತಿದವರು ಮೈಸೂರಿನವರು. ಹಳ್ಳಿಗಳಿಂದ ಹೋದ ಹುಡುಗರು ಅವರು. ಇಷ್ಟು ದೂರ ಬಂದು ಅವರನ್ನು ನೋಡದೆ ಹೋಗಬೇಡಿ. ವೃತ್ತದ ನಡುವೆ ಹೋಗುವುದು ಕಷ್ಟ, ಗಾಡಿ ಜೋರು. ಆಟೋ ಪಕ್ಕಕ್ಕೆ ನಿಲ್ಲಿಸಿ ಫುಟ್‌ಪಾತಿನಿಂದ ನೋಡಿ.

ಬಾದಾಮಿ ಬಂಡೆ:

ಮೇಲಿನವರು ಹೇಳಿದ್ದು ಸರಿ. ಆದರೆ ಶಾಸನ ಪ್ರೀತಿಸುವ ಅಪ್ಪನಿಗೆ ಫಿರೋಜ್ ಷಾ ಕೋಟ್ಲಾ ತೋರಿಸದಿದ್ದರೆ ಹೇಗೆ? ಅದು ಅದೇ ಫಿರೋಜ್ ಷಾ ತುಘಲಕ್ ಕಟ್ಟಿಸಿದ ಕೋಟೆ, ಅಲ್ಲಿ ಅಶೋಕನ ಕಂಬ ಇದೆ. ಈಗಿನ ಹರಿಯಾಣದ ಟೋಪ್ರಾದಿಂದ ಫಿರೋಜ್ ಷಾ ಕಿತ್ತು ತರಿಸಿದ್ದು. ಹತ್ತಿಯಲ್ಲಿ ಸುತ್ತಿ, ಗಾಡಿ ಮೇಲೆ ಎಳೆಸಿ, ಯಮುನೆಯಲ್ಲಿ ದೋಣಿ ಮೇಲೆ ತಂದರಂತೆ. ಅವನ ಕಾಲದವರಿಗೆ ಅದರ ಅಕ್ಷರ ಓದೋಕೆ ಬರಲಿಲ್ಲ. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಓದಿದ. ಓದಿದಾಗಲೂ ಸಿಕ್ಕಿದ್ದು 'ದೇವಾನಾಂಪ್ರಿಯ' ಅನ್ನುವ ಬಿರುದು. ಅದು ಅಶೋಕನೇ ಎಂದು ಗಟ್ಟಿಯಾಗಿದ್ದು 1915ರಲ್ಲಿ ನಮ್ಮ ರಾಯಚೂರಿನ ಮಸ್ಕಿಯಲ್ಲಿ ಹೆಸರಿರುವ ಶಾಸನ ಸಿಕ್ಕ ಮೇಲೆ. ಅಪ್ಪನಿಗೆ ಈ ಎಳೆ ಹೇಳಿ ನೋಡಿ, ಕಣ್ಣು ಅರಳುತ್ತದೆ. ಕಂಬ ಎತ್ತರದ ಕಟ್ಟಡದ ಮೇಲಿದೆ, ಕೆಳಗಿನಿಂದಲೂ ಕಾಣುತ್ತದೆ. ದೆಲ್ಲಿ ಗೇಟ್ ಮೆಟ್ರೋ ಸ್ಟೇಷನ್ ಹತ್ತಿರ, ಕೆಂಪು ಕೋಟೆಯ ಲೈನ್‌ನಲ್ಲೇ.

ಕೆಂಪು ಕೋಟೆಯ ಬಗ್ಗೆ ಒಂದು ಮಾತು. ನವಿಲಿನ ಸಿಂಹಾಸನ ಇತ್ತು ಎಂಬ ಜಾಗ ನೋಡಿಕೊಂಡು ಎಲ್ಲರೂ ವಾಪಸ್ ಬರುತ್ತಾರೆ. ಅದನ್ನು 1739ರಲ್ಲೇ ಪರ್ಷಿಯಾದ ದೊರೆ ನಾದಿರ್ ಷಾ ಹೊತ್ತುಕೊಂಡು ಹೋದ. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945ರಲ್ಲಿ ನಡೆದದ್ದು ಇದೇ ಕೋಟೆಯಲ್ಲಿ. 1857ರ ನಂತರ ಬ್ರಿಟಿಷರು ಅರಮನೆಗಳನ್ನು ಕೆಡವಿ ಬ್ಯಾರಕ್ ಕಟ್ಟಿದರು, ಅವುಗಳಲ್ಲೇ ಈಗ ಮ್ಯೂಸಿಯಂಗಳಿವೆ. ಅಲ್ಲಿಗೆ ಮಗಳನ್ನು ಕರೆದುಕೊಂಡು ಹೋಗಿ.

ತಿಪಟೂರಿನ ತೆಂಗು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಸ್ಕಿಯ ವಿಷಯ ಅಪ್ಪನಿಗೆ ಓದಿ ಹೇಳಿದೆ, ಈಗಲೇ ಬ್ಯಾಗ್ ಕಟ್ಟೋಣ ಅಂತಿದ್ದಾರೆ. ಆಗ್ರಾ ಏನು ಮಾಡಲಿ? ಮೆಟ್ರೋ ಅಮ್ಮನಿಗೆ ಆಗುತ್ತಾ?

ಮೋತಿಬಾಗ್ ಕನ್ನಡಿಗ:

ಕೋಟ್ಲಾ ಸೇರಿಸಿಕೊಳ್ಳಿ, ಒಳ್ಳೆಯ ಸಲಹೆ. ಭಾನುವಾರ ಕೋಟೆ ಮುಗಿಸಿ ಊಟವಾದ ಮೇಲೆ ಹೋಗಬಹುದು.

ಆಗ್ರಾ ಈ ಸಲ ಬಿಡಿ. ಶುಕ್ರವಾರ ತಾಜ್ ಮಹಲಿಗೆ ರಜೆ. ಬೇರೆ ದಿನ ಹೋದರೆ ಬೆಳಿಗ್ಗೆಯಿಂದ ರಾತ್ರಿವರೆಗೂ ಪ್ರಯಾಣ, ಬಿಸಿಲಲ್ಲಿ ನಡಿಗೆ, ಮರುದಿನ ಅಮ್ಮ ಏಳುವುದು ಕಷ್ಟ. ತಾಜ್‌ಗೆ ಬೇರೆಯಾಗಿಯೇ ಬನ್ನಿ.

ಮೆಟ್ರೋದಲ್ಲಿ ಲಿಫ್ಟ್ ಇವೆ, ಆಗುತ್ತದೆ. ಆದರೆ ಕುತುಬ್ ಮಿನಾರ್ ಸ್ಟೇಷನ್‌ನಿಂದ ಮಿನಾರ್ ದೂರ, ಅಲ್ಲಿ ಆಟೋ ಹಿಡಿಯಿರಿ. ದೊಡ್ಡ ಸ್ಮಾರಕಗಳ ಗೇಟಿನಲ್ಲಿ ವೀಲ್‌ಚೇರ್ ಕೇಳಿ, ಸಂಕೋಚ ಬೇಡ. ಟಿಕೆಟ್ ಹಿಂದಿನ ರಾತ್ರಿ ಆನ್‌ಲೈನ್‌ನಲ್ಲೇ ತಗೊಳ್ಳಿ, ಸಾಲು ತಪ್ಪುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಮಗಳ ಆಧಾರ್ ಇಟ್ಟುಕೊಂಡಿರಿ. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಸ್ವೆಟರ್ ತೆಗೆದು ಇಡೋಕೆ ಒಂದು ಚೀಲ ಬೇಕಾಗುತ್ತದೆ.

ಪಿಂಕ್ ಲೈನ್‌ನಲ್ಲಿ ಬಂದರೆ ನಮ್ಮ ಕಡೆಯ ಸ್ಟೇಷನ್ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ಮೋತಿಬಾಗ್. ದೆಹಲಿ ಕರ್ನಾಟಕ ಸಂಘ ಅಲ್ಲಿಂದ ದೂರ ಇಲ್ಲ. ಬರುವ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕಿ, ಸೋಮವಾರ ತೀನ್ ಮೂರ್ತಿಗೆ ನಾನೂ ಬರುತ್ತೇನೆ.